ಕೀಬೋರ್ಡನ್ನು ಇತರ ಡಿಜಿಟಲ್ ವಾದ್ಯಗಳಿಗೆ ಜೋಡಿಸುವುದು ಹೇಗೆ? ಮುಂಬಯಿಯ ಭಜನಾ ಮಂಡಳಿ, ರಸಮಂಜರಿ ತಂಡಗಳಿಗೊಂದು ಮಾರ್ಗದರ್ಶಿ

ಮುಂಬಯಿಯ ಕನ್ನಡ ಭಜನಾ ಮಂಡಳಿಗಳಲ್ಲಿ, ರಸಮಂಜರಿ ತಂಡಗಳಲ್ಲಿ ಇಂದು ಕೀಬೋರ್ಡ್ ಇಲ್ಲದ ಕಡೆ ಅಪರೂಪ. ಪಕ್ಕದಲ್ಲಿ ಕೋಲಿನಿಂದ ಬಡಿದು ನುಡಿಸುವ ಎಲೆಕ್ಟ್ರಾನಿಕ್ ತಾಳವಾದ್ಯ ಆಕ್ಟೋಪ್ಯಾಡ್ ಇರುತ್ತದೆ, ಶ್ರುತಿಗೆ ಎಲೆಕ್ಟ್ರಾನಿಕ್ ತಂಬೂರಿ ಇರುತ್ತದೆ, ತಂಡದ ಹುಡುಗರಲ್ಲಿ ಒಬ್ಬನ ಲ್ಯಾಪ್‌ಟಾಪಿನಲ್ಲಿ ಕೊಳಲು, ಸಿತಾರ್, ಸಂತೂರ್ ಎಲ್ಲವೂ ತುಂಬಿರುತ್ತವೆ. ಇಷ್ಟಿದ್ದರೂ ಪ್ರತಿ ವಾದ್ಯ ತನ್ನ ಪಾಡಿಗೆ ತಾನು ನುಡಿಯುತ್ತಿರುತ್ತದೆ. ಕೀಬೋರ್ಡಿನ ಹಿಂಬದಿಯ ಸಾಕೆಟ್‌ಗಳನ್ನು ಕೊಂಡ ದಿನದಿಂದ ಯಾರೂ ಮುಟ್ಟಿರುವುದಿಲ್ಲ. ಆ ಸಾಕೆಟ್‌ಗಳನ್ನು ಬಳಸಲು ಕಲಿತರೆ ಕೈಯಲ್ಲಿರುವ ವಾದ್ಯಗಳಿಂದಲೇ ಎಷ್ಟೋ ಹೊಸ ಕೆಲಸ ತೆಗೆಯಬಹುದು. ಹೊಸ ಕೀಬೋರ್ಡಿಗೆ ಹಣ ಸುರಿಯುವ ಮೊದಲು ಇದನ್ನು ಮಾಡಿ ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ತಂತಿಯಲ್ಲಿ ಹರಿಯುವುದು ನಾದವಲ್ಲ

ವಾದ್ಯಗಳು ಪರಸ್ಪರ ಮಾತನಾಡುವ ಭಾಷೆಗೆ ಮಿಡಿ ಎಂದು ಹೆಸರು. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಸಂಗೀತ ವಾದ್ಯಗಳ ಮೇಳದಲ್ಲಿ ಸೀಕ್ವೆನ್ಷಿಯಲ್ ಕಂಪನಿಯ ಪ್ರಾಫೆಟ್-600 ಮತ್ತು ರೋಲ್ಯಾಂಡ್ ಕಂಪನಿಯ ಜುಪಿಟರ್-6 ಎಂಬ ಎರಡು ಸಿಂಥಸೈಜರ್‌ಗಳನ್ನು ಒಂದು ತಂತಿಯಿಂದ ಜೋಡಿಸಿ ತೋರಿಸಲಾಯಿತು. ಪೈಪೋಟಿಯಲ್ಲಿದ್ದ ಕಂಪನಿಗಳು ಒಂದೇ ಭಾಷೆಗೆ ಒಪ್ಪಿಕೊಂಡದ್ದರಿಂದಲೇ ಇಂದು ಒಂದು ಕಂಪನಿಯ ಪ್ಯಾಡನ್ನು ಬಡಿದರೆ ಇನ್ನೊಂದು ಕಂಪನಿಯ ಕೀಬೋರ್ಡ್ ನುಡಿಯುತ್ತದೆ.

ಮಿಡಿ ತಂತಿಯಲ್ಲಿ ನಾದ ಹರಿಯುವುದಿಲ್ಲ. "60ನೇ ಸ್ವರ ಒತ್ತಿದೆ, ಇಷ್ಟು ಬಲದಿಂದ ಒತ್ತಿದೆ, ಈಗ ಬಿಟ್ಟೆ" ಎಂಬ ಸಂದೇಶ ಮಾತ್ರ ಹರಿಯುತ್ತದೆ. ಸ್ವರಲಿಪಿ ಬರೆದ ಹಾಳೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದ ಹಾಗೆ. ಹಾಡಬೇಕಾದವರು ಹಾಳೆ ಪಡೆದವರೇ. ಹೀಗಾಗಿ ಪ್ರತಿ ಜೋಡಣೆಯಲ್ಲೂ ಎರಡು ದಾರಿಗಳಿರುತ್ತವೆ. ಒಂದು ಸಂದೇಶದ ದಾರಿ, ಇನ್ನೊಂದು ಧ್ವನಿಯ ದಾರಿ. ಮಿಡಿ ತಂತಿ ಹಾಕಿದರೂ ಸ್ಪೀಕರಿನಲ್ಲಿ ಏನೂ ಕೇಳುತ್ತಿಲ್ಲ ಎಂದು ಹೇಳುವವರಲ್ಲಿ ಹೆಚ್ಚಿನವರು ಎರಡನೆಯ ದಾರಿಯನ್ನು ಮರೆತಿರುತ್ತಾರೆ. ಸಂದೇಶ ಪಡೆದು ನುಡಿಯುವ ವಾದ್ಯದಿಂದ ಎಲ್ಲ ಧ್ವನಿಗಳನ್ನು ಕೂಡಿಸುವ ಮಿಕ್ಸರಿಗೆ ಪ್ರತ್ಯೇಕ ಆಡಿಯೋ ತಂತಿ ಹೋಗಲೇಬೇಕು.

ಆದ್ದರಿಂದ ಮೊದಲ ಕೆಲಸ ಕಾಗದ, ಪೆನ್ಸಿಲ್ ಹಿಡಿಯುವುದು. ನಿಮ್ಮಲ್ಲಿರುವ ವಾದ್ಯಗಳ ಹೆಸರು ಬರೆಯಿರಿ. ಆಜ್ಞೆ ಕೊಡುವವರು ಯಾರು, ಕೇಳಿ ನುಡಿಯುವವರು ಯಾರು ಎಂದು ಬಾಣ ಹಾಕಿ. ಧ್ವನಿಯ ಬಾಣಗಳನ್ನು ಬೇರೆ ಬಣ್ಣದಲ್ಲಿ ಹಾಕಿ. ಬಾಣದ ದಿಕ್ಕು ಗೊತ್ತಿಲ್ಲದೆ ತಂತಿ ಮುಟ್ಟಬೇಡಿ.

ಕೀಬೋರ್ಡಿನ ಬೆನ್ನು ನೋಡಿ

ಹಳೆಯ ಅಥವಾ ದೊಡ್ಡ ಕೀಬೋರ್ಡ್‌ಗಳಲ್ಲಿ ಐದು ರಂಧ್ರಗಳ ದುಂಡನೆಯ ಸಾಕೆಟ್‌ಗಳಿರುತ್ತವೆ. "ಔಟ್" ಎಂದರೆ ಸಂದೇಶ ಹೊರಗೆ, "ಇನ್" ಎಂದರೆ ಒಳಗೆ, "ಥ್ರೂ" ಎಂದರೆ ಒಳಗೆ ಬಂದದ್ದನ್ನು ಹಾಗೆಯೇ ಮುಂದಕ್ಕೆ ದಾಟಿಸುವುದು. ಸೂತ್ರ ಸರಳ: ಒಂದರ ಔಟ್‌ನಿಂದ ಇನ್ನೊಂದರ ಇನ್‌ಗೆ. ಆಡಿಯೋ ತಂತಿಗಳ ಅಭ್ಯಾಸದಲ್ಲಿ ಇನ್‌ನಿಂದ ಇನ್‌ಗೆ ಹಾಕಿಬಿಡುವುದುಂಟು. ಅದರಿಂದ ಏನೂ ಸುಡುವುದಿಲ್ಲ, ಏನೂ ನುಡಿಯುವುದೂ ಇಲ್ಲ.

ಈ ತಂತಿಯ ತುದಿಯನ್ನು ಹತ್ತಿರದಿಂದ ನೋಡಿ. ಐದು ಪಿನ್‌ಗಳು ಅರ್ಧಚಂದ್ರಾಕಾರದಲ್ಲಿವೆ, ಸುತ್ತಲಿನ ಲೋಹದ ಬಳೆಯಲ್ಲಿ ಒಂದು ಕಡೆ ಸಣ್ಣ ತಗ್ಗಿದೆ. ಸಾಮಾನ್ಯ ಮಿಡಿ ಜೋಡಣೆಯಲ್ಲಿ ಕೆಲಸ ಮಾಡುವುದು ನಡುವಿನ ಮೂರು ಪಿನ್‌ಗಳು ಮಾತ್ರ, ಎರಡು ತುದಿಯವು ಖಾಲಿ. ಹಳೆಯ ಟೇಪ್ ರೆಕಾರ್ಡರುಗಳ ತಂತಿಗೂ ಇದೇ ಮುಖವಿದೆ, ಒಳಗಿನ ಜೋಡಣೆ ಬೇರೆಯಾಗಿರಬಹುದು. ಅಟ್ಟದ ಮೇಲೆ ಸಿಕ್ಕಿತೆಂದು ಅದನ್ನೇ ಬಳಸಬೇಡಿ. ಚುಚ್ಚುವಾಗ ತಗ್ಗು ಕೂಡಿಬರುವವರೆಗೆ ಮೆಲ್ಲಗೆ ತಿರುಗಿಸಬೇಕು. ಬಲವಂತ ಮಾಡಿದರೆ ಪಿನ್ ಬಾಗುತ್ತದೆ. ತಂತಿಯ ಉದ್ದ 15 ಮೀಟರ್ ಮೀರಬಾರದು. ನಮ್ಮ ವೇದಿಕೆಗಳಿಗೆ 3 ಮೀಟರ್ ಧಾರಾಳವಾಯಿತು.

ಈಚಿನ ಸಣ್ಣ ಕೀಬೋರ್ಡ್‌ಗಳಲ್ಲಿ ದುಂಡು ಸಾಕೆಟ್ ಇರುವುದಿಲ್ಲ, ಪ್ರಿಂಟರಿಗೆ ಇರುವಂಥ ಚೌಕ ಯುಎಸ್‌ಬಿ ಸಾಕೆಟ್ ಇರುತ್ತದೆ. ಇನ್ನು ಕೆಲವು ಪುಟ್ಟ ವಾದ್ಯಗಳಲ್ಲಿ ಇಯರ್‌ಫೋನಿನದರಂಥ 3.5 ಮಿಲಿಮೀಟರ್ ತೂತಿನಲ್ಲೇ ಮಿಡಿ ಬರುತ್ತದೆ. ಇದರಲ್ಲಿ ಎ ಮತ್ತು ಬಿ ಎಂಬ ಎರಡು ಬಗೆಯ ಜೋಡಣೆಗಳಿವೆ. 2018ರಲ್ಲಿ ಎ ಬಗೆಯನ್ನು ಮಾನಕವೆಂದು ಗೊತ್ತುಮಾಡಿದರು, ಆದರೆ ಬಿ ಬಗೆಯ ವಾದ್ಯಗಳು ಇನ್ನೂ ಬಳಕೆಯಲ್ಲಿವೆ. ಪರಿವರ್ತಕ ತಂತಿ ಕೊಳ್ಳುವಾಗ ಯಾವ ಬಗೆ ಎಂದು ಕೇಳಿಯೇ ಕೊಳ್ಳಿ.

ಆಕ್ಟೋಪ್ಯಾಡಿನಿಂದ ಕೀಬೋರ್ಡಿಗೆ

ನಮ್ಮ ತಂಡಗಳಿಗೆ ಹೆಚ್ಚು ಉಪಯೋಗವಾಗುವ ಜೋಡಣೆ ಇದು. ಆಕ್ಟೋಪ್ಯಾಡಿನಲ್ಲಿ ಡ್ರಮ್ ಚೆನ್ನಾಗಿದ್ದು ಕೀಬೋರ್ಡಿನಲ್ಲಿ ತಬಲಾ, ಢೋಲಕ್ ಇನ್ನೂ ಚೆನ್ನಾಗಿದ್ದರೆ, ಪ್ಯಾಡ್ ಬಡಿದು ಕೀಬೋರ್ಡಿನ ತಬಲಾವನ್ನೇ ನುಡಿಸಬಹುದು.

ಎರಡನ್ನೂ ಆಫ್ ಮಾಡಿ, ವಾಲ್ಯೂಮ್ ಪೂರ್ತಿ ಇಳಿಸಿ. ಆಕ್ಟೋಪ್ಯಾಡಿನ ಔಟ್‌ನಿಂದ ಕೀಬೋರ್ಡಿನ ಇನ್‌ಗೆ ತಂತಿ ಹಾಕಿ. ಎರಡನ್ನೂ ಹೊತ್ತಿಸಿ ವಾಲ್ಯೂಮ್ ಸ್ವಲ್ಪ ಏರಿಸಿ. ಆಕ್ಟೋಪ್ಯಾಡಿನ ಮಿಡಿ ಮೆನುವಿಗೆ ಹೋಗಿ ಚಾನೆಲ್ ಎಷ್ಟಿದೆ ನೋಡಿ. ಒಂದು ಮಿಡಿ ತಂತಿಯಲ್ಲಿ ಬೇರೆ ಬೇರೆ ವಾದ್ಯಗಳ ಸಂದೇಶ ಬೇರೆಯಾಗಿಯೇ ಸಾಗಲು 16 ಚಾನೆಲ್‌ಗಳಿರುತ್ತವೆ, 1991ರಿಂದ ಜಾರಿಯಲ್ಲಿರುವ ಜನರಲ್ ಮಿಡಿ ಒಪ್ಪಂದದ ಪ್ರಕಾರ 10ನೆಯದು ತಾಳವಾದ್ಯಗಳದ್ದು. ಅದನ್ನು 10ಕ್ಕೆ ಇಟ್ಟು ಒಂದು ಪ್ಯಾಡ್ ಬಡಿಯಿರಿ.

"ಅಣ್ಣಾ, ಪ್ಯಾಡ್ ಬಡಿದರೆ ಪಿಯಾನೋ ಕೇಳುತ್ತಿದೆ!" ಎಂದು ಹುಡುಗರು ಗಾಬರಿಯಾಗುತ್ತಾರೆ. ಚಾನೆಲ್ ತಪ್ಪಿದೆ ಎಂದು ಅರ್ಥ, ಅಷ್ಟೆ. ಏನೂ ಕೇಳದಿದ್ದರೆ ತಂತಿಯ ದಿಕ್ಕು ನೋಡಿ. ತಬಲಾ ಬರಬೇಕಾದಲ್ಲಿ ತಾಳದ ಸದ್ದು ಬಂದರೆ ಚಾನೆಲ್ ಸರಿಯಿದೆ, ಸ್ವರಸಂಖ್ಯೆ ಬೇರೆಯಿದೆ. ಜನರಲ್ ಮಿಡಿಯಲ್ಲಿ 36 ಬಾಸ್ ಡ್ರಮ್, 38 ಸ್ನೇರ್, 42 ಮುಚ್ಚಿದ ಹೈಹ್ಯಾಟ್ ಎಂದು ನಿಗದಿಯಾಗಿದೆ. ಭಾರತೀಯ ತಾಳವಾದ್ಯಗಳಿಗೆ ಅಂಥ ಸಾಮಾನ್ಯ ಒಪ್ಪಂದವಿಲ್ಲ, ಒಂದೊಂದು ಕಂಪನಿ ಒಂದೊಂದು ಕಡೆ ಇಟ್ಟಿರುತ್ತದೆ. ಆದ್ದರಿಂದ ಕೀಬೋರ್ಡಿನಲ್ಲಿ ತಬಲಾ ಕಿಟ್ ಆಯ್ದುಕೊಂಡು, ಒಂದೊಂದೇ ಕೀ ಒತ್ತಿ, ಯಾವುದರಲ್ಲಿ ಧಾ, ಯಾವುದರಲ್ಲಿ ನಾ, ಯಾವುದರಲ್ಲಿ ಗೆ ಎಂದು ಬರೆದುಕೊಳ್ಳಿ. ನಡುವಿನ ಸಿ ಕೀ 60ನೇ ಸಂಖ್ಯೆ. ಅಲ್ಲಿಂದ ಎಡಕ್ಕೂ ಬಲಕ್ಕೂ ಕರಿ ಬಿಳಿ ಕೀಗಳನ್ನೆಲ್ಲ ಸೇರಿಸಿ ಎಣಿಸಿ. ಇದೇ ಕೀಯನ್ನು ಯಮಹಾ ಸಿ3 ಎನ್ನುತ್ತದೆ, ರೋಲ್ಯಾಂಡ್ ಸಿ4 ಎನ್ನುತ್ತದೆ. ಹಾಗಾಗಿ ಅಕ್ಷರ ನಂಬದೆ ಸಂಖ್ಯೆಯನ್ನೇ ನಂಬಿ. ಸಿಕ್ಕ ಸಂಖ್ಯೆಯನ್ನು ಆಯಾ ಪ್ಯಾಡಿಗೆ ಕೊಟ್ಟು ಆ ಕಿಟ್ಟನ್ನು ಹೊಸ ಹೆಸರಿನಲ್ಲಿ ಉಳಿಸಿ.

ಪ್ಯಾಡಿನಿಂದ ತಂಬೂರಿಯಂಥ ದೀರ್ಘ ನಾದ ನುಡಿಸಲು ಹೋದಾಗ ಅದು ತಟ್ಟನೆ ಕತ್ತರಿಸಿಹೋಗಬಹುದು. ಪ್ಯಾಡ್ ಬಡಿದ ಕೂಡಲೇ "ಬಿಟ್ಟೆ" ಎಂಬ ಸಂದೇಶ ಹೋಗುವುದೇ ಕಾರಣ. ಗೇಟ್ ಟೈಮ್ ಎಂಬ ಆಯ್ಕೆಯನ್ನು ಹೆಚ್ಚಿಸಿದರೆ ಆ ಸಂದೇಶ ತಡವಾಗಿ ಹೋಗಿ ನಾದ ಮುಂದುವರಿಯುತ್ತದೆ.

ಯುಎಸ್‌ಬಿ ಮಾತ್ರ ಇದ್ದರೆ

ಎರಡು ಕೀಬೋರ್ಡ್‌ಗಳನ್ನು ಚೌಕ ಯುಎಸ್‌ಬಿ ಸಾಕೆಟ್‌ಗಳ ಮೂಲಕ ನೇರವಾಗಿ ಜೋಡಿಸಲಾಗುವುದಿಲ್ಲ. ಯುಎಸ್‌ಬಿಯಲ್ಲಿ ಯಜಮಾನನೊಬ್ಬ ಬೇಕು, ಕೀಬೋರ್ಡ್‌ಗಳೆರಡೂ ಸೇವಕರು. ಕಂಪ್ಯೂಟರ್, ಮೊಬೈಲ್ ಅಥವಾ ಯುಎಸ್‌ಬಿ ಮಿಡಿ ಹೋಸ್ಟ್ ಎಂಬ ಪುಟ್ಟ ಪೆಟ್ಟಿಗೆ ಆ ಯಜಮಾನನಾಗಬಹುದು. ಕೀಬೋರ್ಡಿನಲ್ಲಿರುವ ಚಪ್ಪಟೆ ಯುಎಸ್‌ಬಿ ಸಾಕೆಟ್ ಬಹುತೇಕ ಮಾದರಿಗಳಲ್ಲಿ ಪೆನ್‌ಡ್ರೈವಿಗಾಗಿ ಮಾತ್ರ ಇರುತ್ತದೆ.

ಲ್ಯಾಪ್‌ಟಾಪಿಗೆ ಜೋಡಿಸಿ ಅದರೊಳಗಿನ ವಾದ್ಯ ನುಡಿಸುವಾಗ ಕೀಬೋರ್ಡಿನ ಮೆನುವಿನಲ್ಲಿ "ಲೋಕಲ್ ಕಂಟ್ರೋಲ್" ಎಂಬುದನ್ನು ಹುಡುಕಿ. ಅದನ್ನು ಆಫ್ ಮಾಡಿದರೆ ಕೀ ಒತ್ತಿದಾಗ ಕೀಬೋರ್ಡ್ ತಾನೇ ನುಡಿಯದೆ ಸಂದೇಶ ಮಾತ್ರ ಕಳಿಸುತ್ತದೆ. ಆಫ್ ಮಾಡದೆ ಲ್ಯಾಪ್‌ಟಾಪ್ ಆ ಸಂದೇಶವನ್ನೇ ಮರಳಿ ಕಳಿಸತೊಡಗಿದರೆ ಪ್ರತಿ ಸ್ವರವೂ ಎರಡು ಬಾರಿ ನುಡಿದು ನಾದ ಒಡಕಾಗಿ ಕೇಳುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಮತ್ತೆ ಆನ್ ಮಾಡಿಡಿ. ಮರೆತರೆ ಮರುದಿನ ಕೀಬೋರ್ಡ್ ಕೆಟ್ಟಿದೆಯೆಂದು ರಿಪೇರಿಗೆ ಹೊತ್ತೊಯ್ಯಬೇಕಾದೀತು.

ದುಂಡು ಸಾಕೆಟನ್ನು ಯುಎಸ್‌ಬಿಗೆ ಬದಲಿಸುವ ಅಗ್ಗದ ತಂತಿಗಳು ಮಾರುಕಟ್ಟೆಯಲ್ಲಿವೆ. ಅವುಗಳ ತುದಿಯಲ್ಲಿ ಇನ್, ಔಟ್ ಎಂದು ಬರೆದಿರುತ್ತದೆ. ಕೆಲವರು ತಂತಿಯ ದೃಷ್ಟಿಯಿಂದ ಬರೆಯುತ್ತಾರೆ, ಕೆಲವರು ಅದನ್ನು ಚುಚ್ಚಬೇಕಾದ ಸಾಕೆಟಿನ ದೃಷ್ಟಿಯಿಂದ. ಒಂದು ರೀತಿಯಲ್ಲಿ ಕೆಲಸ ಮಾಡದಿದ್ದರೆ ಅದಲುಬದಲು ಮಾಡಿ ನೋಡಿ. ತೀರಾ ಅಗ್ಗದವು ವೇಗದ ನುಡಿಕೆಯಲ್ಲಿ ಸಂದೇಶ ಕಳೆದುಕೊಳ್ಳುತ್ತವೆ. ಕಾರ್ಯಕ್ರಮಕ್ಕಾದರೆ ಒಳ್ಳೆಯ ಕಂಪನಿಯದನ್ನೇ ಕೊಳ್ಳಿ.

ಬ್ಲೂಟೂತ್ ಬಗ್ಗೆ ಎಚ್ಚರ. ಕೀಬೋರ್ಡಿನ ಮೇಲೆ ಬ್ಲೂಟೂತ್ ಗುರುತಿದ್ದ ಮಾತ್ರಕ್ಕೆ ಮಿಡಿ ಇದೆ ಎಂದಲ್ಲ, ಮೊಬೈಲಿನ ಹಾಡು ಕೇಳಿಸುವ ಆಡಿಯೋ ಮಾತ್ರ ಇರಬಹುದು. ಬ್ಲೂಟೂತ್ ಸ್ಪೀಕರಿನಲ್ಲಂತೂ ನೇರ ವಾದನ ಬೇಡವೇ ಬೇಡ. ಕೀ ಒತ್ತಿದ ಮೇಲೆ ನಾದ ಬರಲು ಸುಲಭವಾಗಿ 100 ಮಿಲಿಸೆಕೆಂಡಿಗೂ ಹೆಚ್ಚು ತಡವಾಗುತ್ತದೆ, ಲಯ ಹಿಡಿಯುವುದು ಅಸಾಧ್ಯ. ಹೋಲಿಸಿ ನೋಡಿದರೆ ಹಳೆಯ ಐದು ಪಿನ್ನಿನ ತಂತಿ ಒಂದು ಸ್ವರದ ಸಂದೇಶವನ್ನು ಸುಮಾರು 1 ಮಿಲಿಸೆಕೆಂಡಿನಲ್ಲಿ ಮುಟ್ಟಿಸುತ್ತದೆ.

ಶ್ರುತಿ: ಇಲ್ಲಿ ಸಮಯ ಕೊಡಿ

ತಂತಿ ಜೋಡಿಸುವುದನ್ನು ಯಾರೂ ಅರ್ಧ ಗಂಟೆಯಲ್ಲಿ ಕಲಿಯಬಹುದು. ವಾದ್ಯಗಳು ನಿಜವಾಗಿ ಕೂಡಿ ನುಡಿಯುವುದು ಶ್ರುತಿ ಸೇರಿದಾಗ, ಮತ್ತು ಇದನ್ನು ಯಾವ ತಂತಿಯೂ ತಾನಾಗಿ ಮಾಡಿಕೊಡುವುದಿಲ್ಲ.

ಭಜನೆಯಲ್ಲಿ ಹಾಡುವವರು ತಮ್ಮ ಶ್ರುತಿ ಕಪ್ಪು ಎರಡು (ಡಿ ಶಾರ್ಪ್) ಎಂದರೆ ಕೀಬೋರ್ಡಿನವರು ಇಡೀ ವಾದ್ಯದ ಶ್ರುತಿಯನ್ನು ಏರಿಳಿಸುವ ಟ್ರಾನ್ಸ್‌ಪೋಸನ್ನು +3 ಅರ್ಧಸ್ವರ ಮಾಡಿಕೊಂಡು ಮಾಮೂಲಿನಂತೆ ಬಿಳಿ ಒಂದರಿಂದ (ಸಿ) ನುಡಿಸುತ್ತಾರೆ. ಒಂದೇ ಕೀಬೋರ್ಡ್ ಇರುವಾಗ ಇದರಲ್ಲಿ ತೊಂದರೆಯಿಲ್ಲ. ಇನ್ನೊಂದು ವಾದ್ಯ ಜೋಡಿಸಿದಾಗ ನೋಡಬೇಕು: ಕೆಲವು ಕೀಬೋರ್ಡ್‌ಗಳು ಏರಿಸಿದ ಸ್ವರವನ್ನೇ ಹೊರಗೆ ಕಳಿಸುತ್ತವೆ, ಕೆಲವು ನೀವು ಒತ್ತಿದ ಕೀಯ ಮೂಲ ಸಂಖ್ಯೆಯನ್ನು ಕಳಿಸುತ್ತವೆ. ಪರೀಕ್ಷೆ ಸುಲಭ. ಮೊದಲ ಕೀಬೋರ್ಡಿನಲ್ಲಿ ಮಾತ್ರ +3 ಇಟ್ಟು ಬಿಳಿ ಒಂದನ್ನು ಒತ್ತಿ. ಎರಡನೆಯ ವಾದ್ಯ ಕಪ್ಪು ಎರಡು ನುಡಿದರೆ ಅದರ ಟ್ರಾನ್ಸ್‌ಪೋಸನ್ನು ಮುಟ್ಟಬೇಡಿ. ಬಿಳಿ ಒಂದನ್ನೇ ನುಡಿದರೆ ಅಲ್ಲಿಯೂ +3 ಇಡಿ. ಪರೀಕ್ಷಿಸದೆ ಎರಡೂ ಕಡೆ ಏರಿಸಿದರೆ ಹಾಡುಗಾರರು ಕಪ್ಪು ಎರಡರಲ್ಲಿರುವಾಗ ಎರಡನೆಯ ವಾದ್ಯ ಕಪ್ಪು ಮೂರರಲ್ಲಿ ಅರಚಬಹುದು. ಟ್ರಾನ್ಸ್‌ಪೋಸ್ ಬದಲಿಸುವಾಗ ಎಲ್ಲ ಬೆರಳುಗಳನ್ನೂ ಎತ್ತಿರಬೇಕು, ಇಲ್ಲದಿದ್ದರೆ ಹಿಂದಿನ ಸ್ವರ ಹಾಗೆಯೇ ಸಿಕ್ಕಿಕೊಂಡು ಮೊರೆಯುತ್ತಲೇ ಇರಬಹುದು. ಹಾಗಾದರೆ ಎಲ್ಲ ಸ್ವರಗಳನ್ನೂ ಒಮ್ಮೆಗೇ ನಿಲ್ಲಿಸುವ "ಪ್ಯಾನಿಕ್" ಗುಂಡಿ ಒತ್ತಿ. ಅದಿಲ್ಲದಿದ್ದರೆ ನುಡಿಯುತ್ತಿರುವ ವಾದ್ಯವನ್ನು ಆರಿಸಿ ಹೊತ್ತಿಸುವುದೇ ದಾರಿ.

ಇನ್ನು ಹಾರ್ಮೋನಿಯಂ. ಅದರ ಒಳಗೆ ನಾದ ಹೊರಡಿಸುವ ಲೋಹದ ಪಟ್ಟಿಗಳನ್ನು ವೇದಿಕೆಯ ಮೇಲೆ ಕುಳಿತು ತಿದ್ದಲಾಗದು. ಕೀಬೋರ್ಡಿನ ಎ ಸ್ವರ ಸಾಮಾನ್ಯವಾಗಿ 440 ಹರ್ಟ್ಸ್‌ನಲ್ಲಿರುತ್ತದೆ, ಹಾರ್ಮೋನಿಯಂ ಅದಕ್ಕಿಂತ ಒಂದಿಷ್ಟು ಆಚೀಚೆ ಇರುವುದುಂಟು. ಆದ್ದರಿಂದ ಎಲೆಕ್ಟ್ರಾನಿಕ್ ವಾದ್ಯಗಳೆಲ್ಲ ಹಾರ್ಮೋನಿಯಮ್ಮಿಗೆ ಬಾಗಬೇಕು. ಹಾರ್ಮೋನಿಯಮ್ಮಿನಲ್ಲಿ ಷಡ್ಜ ಹಿಡಿಯಲು ಹೇಳಿ, ಕೀಬೋರ್ಡಿನಲ್ಲಿ ಅದೇ ಸ್ವರ ಒತ್ತಿ ಹಿಡಿಯಿರಿ. ಎರಡರ ನಡುವೆ ವಂ-ವಂ ಎಂದು ಅಲೆ ಏಳುತ್ತದೆ. "ಟ್ಯೂನ್" ಆಯ್ಕೆಯಲ್ಲಿ ಸ್ವಲ್ಪಸ್ವಲ್ಪ ಏರಿಸುತ್ತ ಇಳಿಸುತ್ತ ಹೋದರೆ ಅಲೆ ನಿಧಾನವಾಗಿ, ಕೊನೆಗೆ ನಿಂತುಬಿಡುತ್ತದೆ. ಆ ಅಂಕಿ ಬರೆದುಕೊಳ್ಳಿ. ಉದಾಹರಣೆಗೆ 442 ಬಂದಿತೆನ್ನಿ, ಅದೇ 442ನ್ನು ಲ್ಯಾಪ್‌ಟಾಪಿನಲ್ಲೂ ಎರಡನೆಯ ಕೀಬೋರ್ಡಿನಲ್ಲೂ ಕೈಯಾರೆ ಇಡಬೇಕು. ಟ್ಯೂನಿಂಗ್ ಸಾಮಾನ್ಯವಾಗಿ ಮಿಡಿ ತಂತಿಯಲ್ಲಿ ಪ್ರಯಾಣ ಮಾಡುವುದಿಲ್ಲ.

ಎಲೆಕ್ಟ್ರಾನಿಕ್ ತಂಬೂರಿಯನ್ನು ಹೇಗೆ ಜೋಡಿಸುವುದು ಎಂದು ಬಹಳ ಮಂದಿ ಕೇಳುತ್ತಾರೆ. ನಮ್ಮ ಮನೆಗಳಲ್ಲಿರುವಂಥ ತಂಬೂರಿ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಮಿಡಿ ಇರುವುದಿಲ್ಲ. ಅದರ ಆಡಿಯೋ ತಂತಿಯನ್ನು ಮಿಕ್ಸರಿಗೆ ಕೊಟ್ಟು, ಶ್ರುತಿಯ ತಿರುಗಣೆಯನ್ನು ಕಿವಿಯಿಂದಲೇ ಹಾರ್ಮೋನಿಯಮ್ಮಿಗೆ ಸೇರಿಸಿ. ಷಡ್ಜ ಪಂಚಮಗಳು ಕೂಡಿಬಂದ ಮೇಲೂ ಕೀಬೋರ್ಡಿನ ಅಂತರ ಗಾಂಧಾರ ತಂಬೂರಿಯೊಡನೆ ಸ್ವಲ್ಪ ಚುಚ್ಚಿದಂತೆ ಕೇಳಿದರೆ ಅದು ನಿಮ್ಮ ಭ್ರಮೆಯಲ್ಲ. ಒಂದು ಅರ್ಧಸ್ವರವನ್ನು 100 ಸೆಂಟ್ಸ್ ಎಂದು ಅಳೆಯುತ್ತಾರೆ; ಕೀಬೋರ್ಡಿನ ಗಾಂಧಾರ ಷಡ್ಜದಿಂದ 400 ಸೆಂಟ್ಸ್ ದೂರದಲ್ಲಿದೆ, ತಂಬೂರಿಯ ನಾದದಲ್ಲಿ ತಾನಾಗಿ ಹೊಮ್ಮುವ ಗಾಂಧಾರ ಸುಮಾರು 386ರಲ್ಲಿ. ಒಂದೊಂದು ಸ್ವರವನ್ನೂ ಬೇರೆಯಾಗಿ ತಿದ್ದುವ ಸ್ಕೇಲ್ ಟ್ಯೂನಿಂಗ್ ಸೌಲಭ್ಯವಿರುವ ಕೀಬೋರ್ಡಿನಲ್ಲಿ ಆ ಒಂದು ಸ್ವರವನ್ನು 14 ಸೆಂಟ್ಸ್ ಇಳಿಸಿ ಹಿಡಿದು ಕೇಳಿ. ಕಿವಿ ತಣಿಯುತ್ತದೆ.

ಸ್ವರವನ್ನು ಜಾರಿಸುವ ಪಿಚ್ ಬೆಂಡ್ ಚಕ್ರದಿಂದ ಮೀಂಡ್, ಗಮಕ ತೆಗೆಯುವವರು ಎರಡೂ ಕಡೆಯ ಬೆಂಡ್ ವ್ಯಾಪ್ತಿಯನ್ನು ಒಂದೇ ಮಾಡಿಕೊಳ್ಳಬೇಕು. ಕೀಬೋರ್ಡಿನಲ್ಲಿ ಅದು 2 ಅರ್ಧಸ್ವರ, ಲ್ಯಾಪ್‌ಟಾಪಿನ ಸಿತಾರಿನಲ್ಲಿ 12 ಎಂದಿದ್ದರೆ, ನೀವು ರಿಷಭದಿಂದ ಗಾಂಧಾರಕ್ಕೆ ಜಾರಬೇಕೆಂದುಕೊಂಡಲ್ಲಿ ಸಿತಾರ್ ಇಡೀ ಸ್ಥಾಯಿ ಹಾರುತ್ತದೆ.

ಲಯ ಕೂಡಿಸುವುದು

ಕೀಬೋರ್ಡಿನ ರಿದಮ್ ಮತ್ತು ಆಕ್ಟೋಪ್ಯಾಡಿನ ಲೂಪ್ ಒಟ್ಟಿಗೆ ಓಡಬೇಕಾದರೆ ಲಯದ ಮಿಡಿತ ಕಳಿಸುವ ಮಿಡಿ ಕ್ಲಾಕ್ ಬೇಕು. ಒಂದು ಬೀಟಿಗೆ (ಕ್ವಾರ್ಟರ್ ನೋಟ್) 24 ಮಿಡಿತಗಳಂತೆ ಇದು ಹೋಗುತ್ತದೆ, ಟೆಂಪೋ ನಿಮಿಷಕ್ಕೆ 120 ಬೀಟ್ ಇದ್ದರೆ ಸೆಕೆಂಡಿಗೆ 48. ಒಂದು ವಾದ್ಯದಲ್ಲಿ ಕ್ಲಾಕನ್ನು "ಇಂಟರ್ನಲ್", ಉಳಿದವುಗಳಲ್ಲಿ "ಎಕ್ಸ್‌ಟರ್ನಲ್" ಮಾಡಿ. ಎರಡೂ ಇಂಟರ್ನಲ್ ಆಗಿದ್ದರೆ ಕೆಲವೇ ಆವರ್ತಗಳಲ್ಲಿ ಒಂದು ಹಿಂದೆ ಬೀಳುತ್ತದೆ, ಎರಡೂ ಎಕ್ಸ್‌ಟರ್ನಲ್ ಆಗಿದ್ದರೆ ಯಾವುದೂ ಹೊರಡುವುದಿಲ್ಲ.

ತಬಲಾ ಅಥವಾ ಮೃದಂಗದ ಕಲಾವಿದರು ಎದುರಿಗೆ ಕುಳಿತಿದ್ದರೆ ಕ್ಲಾಕನ್ನೂ ರಿದಮನ್ನೂ ಬಂದ್ ಮಾಡಿ. ಹಾಡುವವರ ಉಸಿರು ನೋಡಿ ಲಯ ಬಿಗಿಸುವ, ಸಡಿಲಿಸುವ ಕಲೆ ಅವರದು. ಯಂತ್ರದ ಲಯಕ್ಕೆ ಅವರನ್ನು ಕಟ್ಟಿಹಾಕುವುದು ತಪ್ಪು.

ಧ್ವನಿಯ ತಂತಿ

ಸಣ್ಣ ಕೀಬೋರ್ಡ್‌ಗಳಲ್ಲಿ ಲೈನ್ ಔಟ್ ಇಲ್ಲದೆ ಹೆಡ್‌ಫೋನ್ ಸಾಕೆಟ್ ಮಾತ್ರ ಇರುತ್ತದೆ. ಎರಡೂ ತುದಿಯಲ್ಲಿ ಎರಡೆರಡು ಕಪ್ಪು ಗೆರೆಗಳಿರುವ ಸ್ಟೀರಿಯೋ ತಂತಿಯನ್ನು ಅಲ್ಲಿಂದ ನೇರವಾಗಿ ಮಿಕ್ಸರಿನ ಒಂದು ಚಾನೆಲ್ಲಿಗೆ ಹಾಕಿದರೆ ನಾದ ಟೊಳ್ಳಾಗುತ್ತದೆ, ಎಡ ಬಲ ಎರಡರಲ್ಲೂ ಸಮನಾಗಿರುವ ನಾದವೆಲ್ಲ ಮಾಯವಾಗುತ್ತದೆ. ಮಿಕ್ಸರಿನ ಬ್ಯಾಲೆನ್ಸ್ಡ್ ಸಾಕೆಟ್ ಎಡ ಬಲಗಳನ್ನು ಒಂದರಿಂದೊಂದು ಕಳೆದುಬಿಡುವುದೇ ಇದಕ್ಕೆ ಕಾರಣ. ಒಂದು ಸ್ಟೀರಿಯೋ ತುದಿ, ಎರಡು ಮೋನೋ ತುದಿಗಳಿರುವ ವೈ ಆಕಾರದ ತಂತಿ ತಂದು ಎರಡು ಚಾನೆಲ್ಲುಗಳಿಗೆ ಕೊಡಿ. "ಎಲ್/ಮೋನೋ" ಎಂಬ ಸಾಕೆಟ್ ಇದ್ದರೆ ಅದೊಂದೇ ಸಾಕು.

ಲ್ಯಾಪ್‌ಟಾಪ್ ಜೋಡಿಸಿದ ಕೂಡಲೇ ಗುಂಯ್ ಎಂಬ ಸದ್ದು ಬಂದರೆ ಚಾರ್ಜರ್ ಕಳಚಿ ನೋಡಿ. ನಿಂತರೆ ಅದು ಅರ್ಥಿಂಗಿನ ಸುತ್ತು (ಗ್ರೌಂಡ್ ಲೂಪ್), ಎಂದರೆ ಒಂದಕ್ಕಿಂತ ಹೆಚ್ಚು ಅರ್ಥಿಂಗ್ ದಾರಿಗಳು ಕೂಡಿ ಬಂದ ಸದ್ದು. ಐದು ಪಿನ್ನಿನ ಮಿಡಿ ಇನ್‌ನಲ್ಲಿ ಸಂದೇಶ ಬೆಳಕಿನ ಮೂಲಕ ದಾಟುವ ಏರ್ಪಾಡಿರುವುದರಿಂದ ಆ ದಾರಿಯಲ್ಲಿ ಈ ಸದ್ದು ಬರುವುದಿಲ್ಲ, ಯುಎಸ್‌ಬಿಯಲ್ಲಿ ಬರುತ್ತದೆ. ಆಡಿಯೋ ದಾರಿಯಲ್ಲಿ ಡಿಐ ಬಾಕ್ಸ್ (ವಾದ್ಯದ ಧ್ವನಿಯನ್ನು ಮಿಕ್ಸರಿಗೆ ಹೊಂದಿಸಿ ದಾಟಿಸುವ ಪುಟ್ಟ ಪೆಟ್ಟಿಗೆ) ಇಟ್ಟು ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಗಣೇಶೋತ್ಸವದ ಮಂಟಪದಲ್ಲಾಗಲಿ ಬೇರೆಲ್ಲೇ ಆಗಲಿ, ಸದ್ದು ನಿಲ್ಲಿಸಲೆಂದು ಪ್ಲಗ್ಗಿನ ಮೂರನೇ ಪಿನ್ ಮುರಿಯಬೇಡಿ, ಯಾರಿಗೂ ಮುರಿಯಲು ಬಿಡಬೇಡಿ. ಒದ್ದೆ ನೆಲ, ಲೋಹದ ಕಂಬ, ಕೈಯಲ್ಲಿ ಮೈಕು: ಪ್ರಾಣಕ್ಕೇ ಕುತ್ತು.

ಹೊತ್ತಿಸುವಾಗ ಮೊದಲು ವಾದ್ಯಗಳು, ಆಮೇಲೆ ಮಿಕ್ಸರ್, ಕೊನೆಗೆ ಆಂಪ್ಲಿಫೈಯರ್. ಆರಿಸುವಾಗ ಇದರ ಹಿಮ್ಮುಖ.

ಕೊಳ್ಳುವುದು, ಕಾಪಾಡುವುದು

ತಂತಿ, ಕನೆಕ್ಟರ್, ಅಡಾಪ್ಟರ್‌ಗಳಿಗೆ ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗಿ. ಸಂಗೀತಕ್ಕೇ ಮೀಸಲಾದ ಮಿಡಿ ಇಂಟರ್‌ಫೇಸ್, ಡಿಐ ಬಾಕ್ಸ್‌ಗಳಿಗೆ ಧೋಬಿ ತಲಾವ್ ಕಡೆಯ ವಾದ್ಯದಂಗಡಿಗಳು ವಾಸಿ. ಹೊರಡುವ ಮೊದಲು ಕೀಬೋರ್ಡಿನ ಹಿಂಬದಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ, ಬಾಯಲ್ಲಿ ವಿವರಿಸುವ ತಾಪತ್ರಯ ತಪ್ಪುತ್ತದೆ. ಅಡಾಪ್ಟರಿನ ವೋಲ್ಟ್ ಮತ್ತು ಆಂಪಿಯರ್ ಮಾತ್ರ ನೋಡಿದರೆ ಸಾಲದು. ನಡುವಿನ ಪಿನ್ ಧನವೋ ಋಣವೋ ಎಂಬ ಪುಟ್ಟ ಚಿತ್ರ ಕೀಬೋರ್ಡಿನ ಮೇಲೂ ಅಡಾಪ್ಟರಿನ ಮೇಲೂ ಇರುತ್ತದೆ, ಎರಡೂ ಒಂದೇ ಇರಬೇಕು.

ಮುಂಬಯಿಯ ಮಳೆಗಾಲ ಮತ್ತು ಉಪ್ಪುಗಾಳಿ ಕನೆಕ್ಟರುಗಳಿಗೆ ಶತ್ರು. ಸಾಕೆಟ್‌ಗಳಲ್ಲಿ ಕಿಲುಬು ಹಿಡಿದು ಸಂದೇಶ ಬಿಟ್ಟುಬಿಟ್ಟು ಹೋಗತೊಡಗುತ್ತದೆ. ವಾದ್ಯ ಆಫ್ ಮಾಡಿ, ಕಾಂಟ್ಯಾಕ್ಟ್ ಕ್ಲೀನರನ್ನು ಪ್ಲಗ್ಗಿನ ಪಿನ್‌ಗಳಿಗೆ ಸ್ವಲ್ಪ ಹಾಕಿ, ನಾಲ್ಕಾರು ಬಾರಿ ಚುಚ್ಚಿ ತೆಗೆದರೆ ಬಹಳಷ್ಟು ಸರಿಹೋಗುತ್ತದೆ. ತಂತಿಗಳ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಲೋಕಲ್ ರೈಲಿನಲ್ಲಿ ಸಾಗಿಸುವುದಿದ್ದರೆ ಸಾಕೆಟ್‌ಗಳಲ್ಲಿ ತಂತಿ ಬಿಡಬೇಡಿ, ಒಂದು ತಳ್ಳಾಟ ಸಾಕು ಒಳಗಿನ ಬೆಸುಗೆ ಬಿಡಲು.

ಮಾಟುಂಗದ ಮೈಸೂರು ಅಸೋಸಿಯೇಷನ್ನಿನಂಥ ಸಭಾಂಗಣದಲ್ಲಾಗಲಿ, ಡೊಂಬಿವಲಿಯ ಕಟ್ಟಡದ ಮಂಟಪದಲ್ಲಾಗಲಿ, ಕಾರ್ಯಕ್ರಮಕ್ಕೆ ಮೊದಲು ಇಡೀ ಜೋಡಣೆಯನ್ನು ಮನೆಯಲ್ಲೇ ಒಮ್ಮೆ ಪೂರ್ತಿ ಮಾಡಿ ನೋಡಿ. ಚಾನೆಲ್, ಟ್ರಾನ್ಸ್‌ಪೋಸ್, ಟ್ಯೂನ್, ಕ್ಲಾಕ್ ಎಲ್ಲವನ್ನೂ ಕೀಬೋರ್ಡಿನಲ್ಲಿ ಇಟ್ಟ ಅಂಕಿಗಳನ್ನು ನೆನಪಿಡುವ ರಿಜಿಸ್ಟ್ರೇಷನ್ ಮೆಮೊರಿಯಲ್ಲಿ ಉಳಿಸಿ. ಅದು ಯಾವುದನ್ನೆಲ್ಲ ಉಳಿಸುತ್ತದೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆ, ಆದ್ದರಿಂದ ಒಮ್ಮೆ ಆರಿಸಿ ಹೊತ್ತಿಸಿ ಪರೀಕ್ಷಿಸಿ. ಉಳಿಯದೆ ಹೋದ ಅಂಕಿಗಳನ್ನು ಚೀಟಿಯಲ್ಲಿ ಬರೆದು ಕೀಬೋರ್ಡಿನ ತಳಕ್ಕೆ ಅಂಟಿಸಿ. ಐದು ಪಿನ್ನಿನ ತಂತಿ ಇನ್ನೊಂದು ಹೆಚ್ಚಿಗೆ ಚೀಲದಲ್ಲಿರಲಿ.